ಡೀಸೆಲ್ಲಿನಿಂದ ಬ್ಯಾಟರಿಗೆ ಬಂದ ಕಾಕಾ

ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಗಳು ಸವೆದು ಚಪ್ಪಟೆಯಾಗಿ, ಹೊಳಪು ಕೊಟ್ಟ ಹಾಗೆ ನುಣುಪಾಗಿದ್ದವು. ಓಡುತ್ತಿರುವ ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ನಿಂತು, ಪಂಪಿನಿಂದ ಸಿಲಿಂಡರಿಗೆ ಹೋಗುವ ಸಪೂರ ಉಕ್ಕಿನ ಕೊಳವೆಯ ಮೇಲೆ ಆ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ಒಂದು ಕೊಳವೆ ಆದ ಮೇಲೆ ಇನ್ನೊಂದು. ಇಡೀ ಶೆಡ್ಡು ಗಡಗಡ ನಡುಗುತ್ತಿದ್ದರೂ ಅವರ ಮುಖದಲ್ಲಿ ಮಾತ್ರ ಯಾರೋ ಪಿಸುಮಾತಿನಲ್ಲಿ ಹೇಳುವುದನ್ನು ಕೇಳಿಸಿಕೊಳ್ಳುತ್ತಿರುವ ಗಮನ ಇರುತ್ತಿತ್ತು.

ನಾನು ಮೈಸೂರಿನವಳು. ಇಂಜಿನಿಯರಿಂಗ್ ಮುಗಿಸಿ ಹೈದರಾಬಾದಿಗೆ ಬಂದಾಗ ಕೊಂಡಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ದಿಲ್‌ಸುಖ್‌ನಗರದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವರೆಲ್ಲ ಬ್ಯಾಂಕಿಗೋ ವಿಮೆ ಕಂಪನಿಗೋ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಸೇರಿದ್ದು ಹದಿನೈದು ಜನರ ಒಂದು ಸಣ್ಣ ಕಂಪನಿ. ವಾಹನಗಳ ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲ ಅದು. ಎಷ್ಟು ಡೀಸೆಲ್ಲು, ಯಾವ ಕ್ಷಣದಲ್ಲಿ ಸಿಲಿಂಡರಿಗೆ ಹೋಗಬೇಕು ಎನ್ನುವುದನ್ನು ಇನ್ನು ಮುಂದೆ ಕಬ್ಬಿಣದ ಪಂಪಿನ ಬದಲು ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸಬೇಕಿತ್ತು. ಆ ಕಂಪ್ಯೂಟರಿನ ಒಳಗಿನ ಬರಹ, ಅಂದರೆ ಅದರ ಪ್ರೋಗ್ರಾಂ, ನಮ್ಮ ಕೆಲಸ. ಬರೆಯುವುದು ಕೊಂಡಾಪುರದಲ್ಲಿ, ಬರೆದದ್ದನ್ನು ನಿಜವಾದ ಇಂಜಿನ್ನಿಗೆ ಕಟ್ಟಿ ನೋಡುವುದು ಸನತ್‌ನಗರದ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ. ಆ ಶೆಡ್ಡು ಈ ಸವೆದ ಬೆರಳಿನವರ ಕೈಯಲ್ಲಿತ್ತು.

ಅವರು ಮುದ್ದೇಬಿಹಾಳದ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಗೆ ಬಂದು, ಮೂವತ್ತು ವರ್ಷ ಇಂಜಿನ್ ಪರೀಕ್ಷೆ ಮಾಡಿ, ಸ್ವಯಂ ನಿವೃತ್ತಿ ತೆಗೆದುಕೊಂಡು ನಮ್ಮಲ್ಲಿಗೆ ಸೇರಿದ್ದರು. ಮೆಕ್ಯಾನಿಕ್ಕುಗಳ ಜೊತೆ ದಖನಿ ಉರ್ದು, ಅಂಗಡಿಯವರ ಜೊತೆ ತೆಲುಗು, ನಮ್ಮ ಜೊತೆ ಹಿಂದಿ. ಒಂದು ದಿನ ನಾನು ಅಮ್ಮನಿಗೆ ಫೋನಿನಲ್ಲಿ ಉಪ್ಪಿಟ್ಟು ಸೀದು ಹೋದ ಕಥೆ ಹೇಳುತ್ತಿದ್ದೆ. ಅದು ಮುಗಿಯುವ ತನಕ ಸುಮ್ಮನೆ ನಿಂತಿದ್ದು, ಆಮೇಲೆ ಕೇಳಿದರು: "ಕನ್ನಡದವರೇನ್ರಿ ಮೇಡಂ? ಮೂರು ತಿಂಗಳಾತು, ಒಂದು ಮಾತು ಹೇಳಬಾರದೇನ್ರಿ." ಮರುದಿನದಿಂದ ಅವರ ಡಬ್ಬಿಯಲ್ಲಿ ನನಗೂ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. 'ಮೇಡಂ' ಹೋಗಿ 'ತಂಗಿ' ಬಂತು. ಅವರ ಕಡೆ ಚಿಕ್ಕಪ್ಪನನ್ನು ಕರೆಯುವ ಹಾಗೆ ನಾನು ಅವರನ್ನು 'ಕಾಕಾ' ಎಂದೆ. ಸ್ವಲ್ಪ ದಿನಕ್ಕೆ ತೆಲುಗಿನವರೂ ಹಾಗೆಯೇ ಕರೆಯತೊಡಗಿದರು.

ಕಾಕಾ ಡೀಸೆಲ್ ಶೆಡ್ಡಿಗೆ ದಿನಾ ಬಿಳಿ ಅರ್ಧತೋಳಿನ ಅಂಗಿ ತೊಟ್ಟು ಬರುತ್ತಿದ್ದರು, ಸಂಜೆ ಬೆಳ್ಳಗೇ ಮನೆಗೆ ಹೋಗುತ್ತಿದ್ದರು. ಅಂಗಿಗೆ ಎಣ್ಣೆ ಹತ್ತಿತು ಎಂದರೆ ಗಡಿಬಿಡಿ ಮಾಡಿದ್ದೀರಿ ಎಂದೇ ಅರ್ಥ ಎನ್ನುತ್ತಿದ್ದರು. ಇಂಜಿನ್ ಕೈಕೊಟ್ಟಾಗ ನಾವೆಲ್ಲ ಒಟ್ಟಿಗೆ ಮಾತಾಡಲು ಶುರು ಮಾಡಿದರೆ, ಅಂಗೈ ಎತ್ತಿ ಒಂದೇ ಮಾತು ಹೇಳುತ್ತಿದ್ದರು: "ಅದು ಏನಂತೈತಿ ಮೊದಲ ಕೇಳೂಣು."

ಮೊದಮೊದಲು ನನಗೆ ಇದೆಲ್ಲ ಹಳೇ ಕಾಲದ ಗತ್ತು ಅನ್ನಿಸಿತ್ತು. ಹೋಲಿಕೆಗೆಂದು ಇಟ್ಟಿದ್ದ ಒಂದು ಹಳೆಯ ಇಂಜಿನ್ ಒಮ್ಮೆ ತೊದಲತೊಡಗಿತು. ನನ್ನ ಪರದೆಯ ಮೇಲೆ ಎಲ್ಲವೂ ಸರಿ ಇತ್ತು. ಕಾಕಾ ನಾಲ್ಕೂ ಕೊಳವೆಗಳ ಮೇಲೆ ಬೆರಳಿಟ್ಟು, ಮೂರನೆಯದರ ಬಡಿತ ಬೇರೆ ಇದೆ ಎಂದರು. ನಾನು ನಂಬಲಿಲ್ಲ. ಅವರು ವಾದ ಮಾಡದೆ ಮೂರನೆಯ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ಅದರೊಳಗಿನ ಸೂಜಿ ಅಂಟಿಕೊಂಡು ನಿಂತಿತ್ತು. ನಾನು ಅಳೆಯುತ್ತಿದ್ದದ್ದು ಇಡೀ ಇಂಜಿನ್ನಿನ ಸರಾಸರಿಯನ್ನು. ಅವರು ಕೇಳಿದ್ದು ಒಂದೊಂದನ್ನು.

ಆಮೇಲೆ ಬಂದದ್ದು ಹೊಸ ಇಂಜಿನ್. ಅದರಲ್ಲಿ ಡೀಸೆಲ್ಲಿನ ಒತ್ತಡ ಹಳೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಳವೆಯಲ್ಲಿ ಕಣ್ಣಿಗೆ ಕಾಣದಷ್ಟು ಸೀಳು ಬಿಟ್ಟರೂ ಚಿಮ್ಮುವ ಧಾರೆ ಚರ್ಮವನ್ನು ಕೊರೆದು ಒಳಗೆ ನುಗ್ಗುತ್ತದೆ. ಓಡುವ ಇಂಜಿನ್ನಿನ ಕೊಳವೆಗಳ ಹತ್ತಿರ ಕೈ ಒಯ್ಯಬಾರದು ಎಂದು ತರಬೇತಿಗೆ ಬಂದವರು ಮೊದಲ ದಿನವೇ ಹೇಳಿದರು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಒಂದು ವಾರ ಹಾಗೆಯೇ ಶೆಡ್ಡಿನಲ್ಲಿ ಓಡಾಡಿದರು. ಅವರನ್ನು ನೋಡಿ ನನಗೆ ಕಸಿವಿಸಿಯಾಗುತ್ತಿತ್ತು.

ನಿಯಮ ಮರೆತವಳು ನಾನು. ಒಂದು ಬೆಳಿಗ್ಗೆ ಡೀಸೆಲ್ ವಾಸನೆ ಬಂತು. ಎಲ್ಲಿ ಒದ್ದೆಯಾಗಿದೆ ಎಂದು ತಡವಿ ನೋಡಲು ಕೊಳವೆಗಳ ಅಡಿಗೆ ಕೈ ಹಾಕಿದೆ. ಕಾಕಾ ನನ್ನ ಮುಂಗೈ ಹಿಡಿದು ಜಗ್ಗಿದ ರಭಸಕ್ಕೆ ನಾನು ಹಿಂದಿದ್ದ ಸ್ಟೂಲಿನ ಮೇಲೆ ಬಿದ್ದೆ. ಅವರು ಪೆಟ್ಟಿಗೆಯಿಂದ ಒಂದು ರಟ್ಟು ಹರಿದು, ಇಕ್ಕಳದ ತುದಿಗೆ ಸಿಕ್ಕಿಸಿ, ನನ್ನ ಕೈ ಇದ್ದ ಜಾಗಕ್ಕೆ ದೂರದಿಂದ ಹಿಡಿದರು. ರಟ್ಟಿನ ನಡುವೆ ಬ್ಲೇಡಿನಿಂದ ಕೊಯ್ದ ಹಾಗೆ ಗೆರೆ ಬಿತ್ತು. ಇಂಜಿನ್ ನಿಲ್ಲಿಸಿ, ಆ ರಟ್ಟನ್ನು ನನ್ನ ತೊಡೆಯ ಮೇಲಿಟ್ಟು, ಬಯ್ಯದೆ ಹೇಳಿದರು: "ಮೂವತ್ತು ವರ್ಷ ಕೈ ಇಟ್ಟು ಕಲಿತೆ ತಂಗಿ. ಈಗ ಕೈ ತಗದು ಕಲೀಬೇಕು. ನೀ ನನಗ ಆ ಗೆರಿ ಓದೂದು ಕಲಿಸು."

ಗೆರೆ ಎಂದರೆ ನನ್ನ ಪರದೆಯ ಮೇಲೆ ಏರಿಳಿಯುವ ಗ್ರಾಫು. ಪ್ರತಿ ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಕೊಂಡಾಪುರಕ್ಕೆ ಬರತೊಡಗಿದರು. ಬಾಗಿಲಲ್ಲಿ ಬೆರಳೊತ್ತುವ ಹೊಸ ಯಂತ್ರಕ್ಕೆ ಅವರ ಸವೆದ ಬೆರಳು ಗುರುತೇ ಹತ್ತುತ್ತಿರಲಿಲ್ಲ. ಪ್ರತಿ ಸಲ ನಾನು ಕೆಳಗಿಳಿದು ಹೋಗಿ ಕರೆತರಬೇಕು. "ಇಷ್ಟು ವರ್ಷ ದುಡದು ಗುರುತಿಲ್ಲದವ ಆದ್ನಿ ನೋಡು" ಎಂದು ನಗುತ್ತಿದ್ದರು. ನಾನು ಒತ್ತಡದ ಗೆರೆ ತೋರಿಸಿದರೆ ಅವರು ಟೇಬಲ್ಲಿನ ಮೇಲೆ ಬೆರಳಲ್ಲಿ ಅದರ ತಾಳ ಬಡಿದು ತೋರಿಸುತ್ತಿದ್ದರು. ಎರಡು ತಿಂಗಳಲ್ಲಿ, ನಮ್ಮ ಇಡೀ ತಂಡ ವಾರಗಟ್ಟಲೆ ಕಾಣದಿದ್ದ ಒಂದು ಸಣ್ಣ ಕೊಂಕನ್ನು ಗೆರೆಯಲ್ಲಿ ಬೊಟ್ಟು ಮಾಡಿ ತೋರಿಸಿದರು. ಅದೊಂದು ಕವಾಟ ತಡವಾಗಿ ಮುಚ್ಚುತ್ತಿದ್ದ ಗುರುತು. ಆ ದಿನ ನಾವಿಬ್ಬರೂ ಇರಾನಿ ಚಹಾ ಎರಡೆರಡು ಸಲ ಕುಡಿದೆವು.

ಇಷ್ಟರಲ್ಲಿ ಗಾಳಿಯೇ ಬದಲಾಯಿತು. ನಮಗೆ ಕೆಲಸ ಕೊಟ್ಟಿದ್ದ ವಾಹನ ಕಂಪನಿ ಡೀಸೆಲ್ ಯೋಜನೆಯನ್ನು ನಿಲ್ಲಿಸಿ, ಬ್ಯಾಟರಿಯಲ್ಲಿ ಓಡುವ ಮೂರು ಚಕ್ರದ ಸರಕು ಗಾಡಿ ಬೇಕು ಎಂದಿತು. ಕೊಂಡಾಪುರದಲ್ಲಿ ನಾವು ಕುಣಿದಾಡಿದೆವು: ಮೋಟರು, ಬ್ಯಾಟರಿ, ಎಲ್ಲವೂ ಹೊಸದು. ನಮ್ಮ ಮ್ಯಾನೇಜರು ಮಾತ್ರ ಶೆಡ್ಡಿನ ಲೆಕ್ಕಾಚಾರ ಹಾಕುತ್ತಿದ್ದರು. ಮೋಟರಿಗೆ ಇಂಜಿನ್ ಮನುಷ್ಯ ಯಾಕೆ ಎನ್ನುವುದು ಅವರ ಪ್ರಶ್ನೆ. ಗಾಡಿಯ ಪರೀಕ್ಷೆ ಮುಗಿಯುವವರೆಗೆ ಇರಿ, ಆಮೇಲೆ ನೋಡೋಣ ಎಂದು ಕಾಕಾಗೆ ಹೇಳಿದರು. ಆ 'ನೋಡೋಣ'ದ ಅರ್ಥ ಎಲ್ಲರಿಗೂ ಗೊತ್ತಿತ್ತು.

ಕಾಕಾ ಮೂರು ವಾರ ರಜೆ ಹಾಕಿದರು. ಮನಸ್ಸು ಮುರಿದುಕೊಂಡು ಊರಿಗೆ ಹೋದರೆಂದು ನಾನು ಎಣಿಸಿದ್ದೆ. ಅವರು ಹೋಗಿದ್ದು ಶೆಡ್ಡಿನ ಹಿಂದಿನ ಗಲ್ಲಿಯಲ್ಲಿದ್ದ ಮೋಟರ್ ರಿವೈಂಡಿಂಗ್ ಅಂಗಡಿಗೆ. ಸುಟ್ಟುಹೋದ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಉಸ್ತಾದರ ಎದುರು ಐವತ್ತೆಂಟರ ಕಾಕಾ ಚಕ್ಕಳಮಕ್ಕಳ ಹಾಕಿ ಕೂತು, ತಂತಿ ಬಿಚ್ಚುವುದರಿಂದ ಶುರು ಮಾಡಿದ್ದರು. ಉಸ್ತಾದರು ಅವರಿಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಹುಡುಕಿಕೊಂಡು ಹೋದಾಗ, ಕಾಕಾ ಒಂದು ಸುರುಳಿಯನ್ನು ವಾರ್ನಿಷ್‌ನಲ್ಲಿ ಅದ್ದುತ್ತ, ತಂತಿ ಕಾದರೆ ಆ ಲೇಪ ಮೊದಲು ಹೇಗೆ ನಾರುತ್ತದೆ, ಸುಡುವ ಹೊತ್ತಿಗೆ ವಾಸನೆ ಹೇಗೆ ತಿರುಗುತ್ತದೆ ಎಂದು ಹೊಸ ಆಟಿಕೆ ಸಿಕ್ಕವರ ಹಾಗೆ ವಿವರಿಸಿದರು. ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ.

ಪರೀಕ್ಷೆಯ ದಿನ ವಾಹನ ಕಂಪನಿಯಿಂದ ಮೂವರು ಬಂದರು. ಗಾಡಿಗೆ ಪೂರ್ತಿ ಭಾರ ಹೇರಿ, ಹತ್ತಿರದ ರೈಲ್ವೆ ಮೇಲ್ಸೇತುವೆಯನ್ನು ಹಲವು ಸಲ ಹತ್ತಿ ಇಳಿಯಬೇಕು. ಕಾಕಾ ಓಡಿಸುತ್ತಿದ್ದರು, ಪಕ್ಕದಲ್ಲಿ ಬಂದವರ ಪೈಕಿ ಹಿರಿಯ ಇಂಜಿನಿಯರು, ಹಿಂದೆ ಮರಳಿನ ಚೀಲಗಳ ಮೇಲೆ ಲ್ಯಾಪ್‌ಟಾಪ್ ಹಿಡಿದು ನಾನು. ಮೊದಲ ಎರಡು ಏರು ಸಲೀಸಾಗಿ ಆದವು. ಮೂರನೆಯದರ ಅರ್ಧದಲ್ಲಿ ಕಾಕಾ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿ, ಕರೆಂಟನ್ನೇ ಕಡಿದುಬಿಟ್ಟರು. ಹಿಂದಿದ್ದ ಬಸ್ಸಿನವನು ಹಾರ್ನು ಹಿಡಿದ. ಹಿಂದೆಯೇ ಬರುತ್ತಿದ್ದ ಮ್ಯಾನೇಜರು ಬೈಕಿನಿಂದ ಇಳಿದು ಓಡಿಬಂದು, ಯಾರು ನಿಲ್ಲಿಸಲು ಹೇಳಿದ್ದು ಎಂದು ಸಿಡುಕಿದರು. ಕಾಕಾ ವಾರ್ನಿಷ್ ವಾಸನೆ ತಿರುಗಿದೆ, ಒಳಗೆ ಸುಡುತ್ತಿದೆ ಎಂದರು.

ಮ್ಯಾನೇಜರು ನನ್ನ ಕಡೆ ತಿರುಗಿದರು. ನನ್ನ ಪರದೆಯಲ್ಲಿ ಮೋಟರಿನ ಬಿಸಿ ಮಿತಿಗಿಂತ ಬಹಳ ಕೆಳಗಿತ್ತು. ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಎಲ್ಲ ಸರಿ ಇದೆ ಎಂದಿದ್ದರೆ ಪರೀಕ್ಷೆ ಮುಂದುವರಿಯುತ್ತಿತ್ತು. ಕಾಕಾ ಮಾತ್ರ ಅಂದೇ ಮನೆಗೆ ಹೋಗಬೇಕಾಗುತ್ತಿತ್ತು. "ಗ್ರಾಫು ಸರಿ ಇದೆ ಸರ್, ಆದರೆ ಮೋಟರ್ ಬಿಚ್ಚಿ ನೋಡೋಣ" ಎಂದೆ.

ಗಾಡಿಯನ್ನು ತಳ್ಳಿಕೊಂಡು ಶೆಡ್ಡಿಗೆ ತಂದು ಬಿಚ್ಚಿದೆವು. ತಾಮ್ರದ ಸುರುಳಿಯ ಒಂದು ಬದಿ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಬದಿ, ಗಾಳಿ ಬೀಸುವ ಕಡೆ, ತಣ್ಣಗೆ ಹೊಳೆಯುತ್ತಿತ್ತು. ಬಿಸಿ ಅಳೆಯುವ ಸಂವೇದಕ ಅಂಟಿಸಿದ್ದು ಆ ತಣ್ಣನೆಯ ಬದಿಗೆ. ತಂತಿ ಎಳೆಯಲು ಸುಲಭ ಎಂದು ಆ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿದ್ದವಳು ನಾನೇ. ಕಾಕಾ ಅದನ್ನು ಬಲ್ಲವರು. ಆದರೂ ಅಷ್ಟೂ ಜನರ ಮುಂದೆ, ಸಂವೇದಕದ ಜಾಗ ಬದಲಿಸಬೇಕು ಎಂದಷ್ಟೇ ಹೇಳಿದರು. ಸುಮ್ಮನಿರಲು ನನ್ನಿಂದ ಆಗಲಿಲ್ಲ. ತಪ್ಪು ನನ್ನದೆಂದು ಒಪ್ಪಿಕೊಂಡೆ. ವಾಹನ ಕಂಪನಿಯ ಹಿರಿಯ ಇಂಜಿನಿಯರು ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದು ಗಿರಾಕಿಯ ಕೈಯಲ್ಲಿ ಸುಟ್ಟಿದ್ದರೆ ಯೋಜನೆಯೇ ಮುಗಿಯುತ್ತಿತ್ತು, ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇವೆ, ಗಾಡಿಯನ್ನು ಇವರೇ ಓಡಿಸಲಿ ಎಂದು ಕಾಕಾ ಕಡೆ ಕೈ ತೋರಿಸಿದರು.

ಆ ಹದಿನೈದು ದಿನ ನನ್ನ ಬದುಕಿನ ಅತ್ಯಂತ ಹುರುಪಿನ ದಿನಗಳು. ಉಸ್ತಾದರು ಹೊಸ ಸುರುಳಿ ಸುತ್ತಿದರು, ಕಾಕಾ ಗಾಳಿಯ ದಾರಿಯನ್ನು ಅಗಲ ಮಾಡಿದರು, ಸಂವೇದಕ ಸುರುಳಿಯ ಒಳಗೇ ಕೂತಿತು, ನಾನು ಮೂರು ಸಲ ಬರಹ ತಿದ್ದಿದೆ. ಎರಡನೆಯ ಪರೀಕ್ಷೆಯಲ್ಲಿ ಗಾಡಿ ನಿಲ್ಲದೆ ಎಲ್ಲ ಏರುಗಳನ್ನೂ ಹತ್ತಿತು. ಬಂದವರು ಕೈ ಕುಲುಕಿ ಹೋದ ಮೇಲೆ ಕಾಕಾ ಇನ್ನೊಂದು ಸುತ್ತು ಹೋಗೋಣ ಎಂದರು. ಸೇತುವೆಯ ನೆತ್ತಿಯಿಂದ ಇಳಿಯುವಾಗ ನಾನು ಕರೆಂಟು ಅಳೆಯುವ ಮೀಟರಿನ ಮುಳ್ಳು ತೋರಿಸಿದೆ. ಅದು ಉಲ್ಟಾ ತಿರುಗಿತ್ತು: ಚಕ್ರಗಳೇ ಮೋಟರನ್ನು ತಿರುಗಿಸುತ್ತ ಬ್ಯಾಟರಿಗೆ ಕರೆಂಟು ತುಂಬುತ್ತಿದ್ದವು. ಪುಸ್ತಕದಲ್ಲಿ ಓದಿದ್ದ ಸಂಗತಿಯೇ ಆದರೂ ಕಣ್ಣಾರೆ ನೋಡಿ ನಾನು ಕೂಗಿಯೇಬಿಟ್ಟೆ. ಕಾಕಾ ಕೆಳಗೆ ಬಂದು ಗಾಡಿ ನಿಲ್ಲಿಸಿದರು.

"ನಾ ಇಷ್ಟು ಇಂಜಿನ್ ನೋಡೀನಿ. ಸುಟ್ಟ ಎಣ್ಣಿ ಒಂದು ಹನಿ ತಿರುಗಿ ಟ್ಯಾಂಕಿಗೆ ಬಂದಿದ್ದು ನೋಡಿಲ್ಲ ತಂಗಿ. ಇದು ಕೊಡಾಕತ್ತೈತಿ" ಎಂದರು. ಮತ್ತೆ ಹತ್ತಿದೆವು, ಮತ್ತೆ ಇಳಿದೆವು. ನಾಲ್ಕು ಸಲ. ಸೇತುವೆಯ ಕೆಳಗೆ ಜೋಳದ ತೆನೆ ಸುಡುತ್ತಿದ್ದ ಹೆಂಗಸು, ಏನಾದರೂ ಬಿದ್ದುಹೋಗಿದೆಯೇ, ಹುಡುಕುತ್ತಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದಳು.

ಅದೇ ತಿಂಗಳು ನನಗೊಂದು ದೊಡ್ಡ ಕಂಪನಿಯಿಂದ ಕರೆ ಬಂದಿತ್ತು. ಬ್ಯಾಂಕಿನ ಸಾಫ್ಟ್‌ವೇರು, ಹಾಸ್ಟೆಲಿನ ಎಲ್ಲರೂ ಹೋಗು ಎಂದರು. ಕಾಕಾನನ್ನು ಕೇಳಿದೆ. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ರೊಟ್ಟಿ ಮುರಿಯುತ್ತ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ನೀ ಬರದಿದ್ದು ಎದ್ದು ಓಡ್ತೈತೇನು?"

ನಾನು ಹೋಗಲಿಲ್ಲ.

ಶೆಡ್ಡು ಉಳಿಯಿತು, ಕಾಕಾ ಉಳಿದರು. ಮುಂದಿನ ವರ್ಷಗಳಲ್ಲಿ ವಸಾಹತಿನ ಡೀಸೆಲ್ ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಬಂದು ಅವರಿಂದ ಮೋಟರ್ ಕಲಿತರು. ಬರುವವರಲ್ಲಿ ಅರ್ಧ ಜನ ಅಳುಮುಖ ಹೊತ್ತೇ ಬರುತ್ತಿದ್ದರು, ನಮ್ಮ ಕೆಲಸ ಮುಗಿಯಿತು ಎನ್ನುತ್ತಿದ್ದರು. ಕಾಕಾ ಸಮಾಧಾನ ಹೇಳುತ್ತಿರಲಿಲ್ಲ. ಕೈಗೆ ಒಂದು ಮೋಟರ್ ಕೊಟ್ಟು ಬಿಚ್ಚಲು ಹೇಳುತ್ತಿದ್ದರು.

ಅವರು ತೀರಿಕೊಂಡ ದಿನ ನಾನು ಪುಣೆಯಲ್ಲಿದ್ದೆ. ಪೂರ್ತಿ ಜನ ತುಂಬಿದ ಬ್ಯಾಟರಿ ಬಸ್ಸೊಂದನ್ನು ಘಟ್ಟ ಹತ್ತಿಸುವ ಕೆಲಸ. ಮಣ್ಣಿಗೆ ಹೋಗಲು ಆಗಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ, ನಮ್ಮ ಕಾಕಿ, ನನ್ನನ್ನು ಒಳಗೆ ಕೂರಿಸಿ, ಅತ್ತು ಮುಗಿಸಿದ ಮೇಲೆ, ಬಸ್ಸು ಹತ್ತಿತೇನು ಎಂದು ಕೇಳಿದರು. ಆಸ್ಪತ್ರೆಯಲ್ಲಿ ಕೊನೆಯ ವಾರವೆಲ್ಲ ಕಾಕಾ ಬಂದವರಿಗೆಲ್ಲ ಆ ಬಸ್ಸಿನದ್ದೇ ಮಾತು ಹೇಳುತ್ತಿದ್ದರಂತೆ. ನಾನು ಹತ್ತಿತು ಎಂದೆ. ಅಷ್ಟಕ್ಕೆ ಅವರು ಬಿಡಲಿಲ್ಲ. ಎಷ್ಟು ಜನ ಕೂತಿದ್ದರು, ತಿರುವಿನಲ್ಲಿ ನಿಂತಿತೇನು, ಮೋಟರ್ ಕಾಯಿತೇನು ಎಂದು ಕೇಳಿದರು. ನಾನು ಮೊದಲಿನಿಂದ ಹೇಳತೊಡಗಿದೆ. ಹೇಳುತ್ತ ಹೋದಂತೆ ನನ್ನ ದನಿ ಏರಿತು, ಕೈಗಳು ಗಾಳಿಯಲ್ಲಿ ತಿರುವುಗಳನ್ನು ಬರೆದವು. ಸಾವಿನ ಮನೆ ಎನ್ನುವುದು ನೆನಪಾಗಿ ತಟ್ಟನೆ ನಿಲ್ಲಿಸಿದೆ.

"ನಿಲ್ಲಸಬ್ಯಾಡವ್ವ" ಎಂದರು ಕಾಕಿ. "ಈ ಮನ್ಯಾಗ ಅವರು ಇಷ್ಟು ವರ್ಷ ಹಿಂಗ ಮಾತಾಡ್ಯಾರ. ಪೂರಾ ಹೇಳು."

ನಾನು ಪೂರಾ ಹೇಳಿದೆ.