ಬೆಳಗಿನ ವರ್ಗದ ಹಾಜರಿ

ಬೋರ್ಡುಗಳ ಮೇಲೆ ಇನ್ನೂ ಗುಲ್ಬರ್ಗಾ ಅಂತ ಬರೆದಿರುತ್ತಿದ್ದ ದಿನಗಳವು. ಬಾಯಲ್ಲಿ ಮಾತ್ರ ನಾವೆಲ್ಲ ಕಲಬುರಗಿ ಅಂತಲೇ ಅನ್ನುತ್ತಿದ್ದೆವು. ಆಗ ಕಲಬುರಗಿಯ ಹತ್ತಿರದ ಕಮಲಾಪುರದಲ್ಲಿ ಹತ್ತನೆಯ ತರಗತಿ ಓದುವ ಹುಡುಗರಿಗೆ ಎರಡು ಭಯ: ಒಂದು ಗಣಿತ, ಇನ್ನೊಂದು ಗಣಿತ ಕಲಿಸುವ ಹೆಡ್‌ಮಾಸ್ತರು. ನನ್ನ ವಾರಗೆಯವರು ಇದನ್ನು ಓದಿ ನಗಬಹುದು. ನನಗೆ ಇನ್ನೂ ಪೂರ್ತಿ ನಗಲು ಬರುವುದಿಲ್ಲ.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಹೆಡ್‌ಮಾಸ್ತರು ಅರ್ಧವಾರ್ಷಿಕ ಪರೀಕ್ಷೆಯ ಪೇಪರಿನ ಕಟ್ಟು ಹಿಡಿದು ಬಂದರು. ಅತಿ ಕಡಿಮೆ ಅಂಕದವನ ಹೆಸರು ಮೊದಲು ಕೂಗುವುದು ಅವರ ರೂಢಿ. ಮೊದಲ ಹೆಸರು ಮೈಬೂಬನದು, ಹನ್ನೊಂದು. ಎರಡನೆಯದು ನನ್ನದು, ಹನ್ನೆರಡು. ನೂರಕ್ಕೆ.

"ನಿಂದರ್ರಿ ಇಬ್ಬರೂ," ಅಂದರು. "ಇವರಿಬ್ಬರದೂ ಕೂಡಿಸಿದ್ರೂ ಪಾಸ್ ಆಗಂಗಿಲ್ಲ ನೋಡ್ರಿ."

ತರಗತಿ ಘೊಳ್ಳನೆ ನಕ್ಕಿತು. ಮೈಬೂಬ ತಲೆ ತಗ್ಗಿಸಿಕೊಂಡೇ ನನಗೆ ಮಾತ್ರ ಕೇಳುವ ಹಾಗೆ, "ಇನ್ನೊಬ್ಬನ್ನ ಕೂಡಿಸ್ಕೊಂಡ್ರ ಆಗ್ತದ ಬಿಡೋ ಶರಣ್ಯಾ," ಅಂದ. ಅವನು ನನ್ನ ಬೆಂಚಿನ ಗೆಳೆಯ. ಕಬಡ್ಡಿಯಲ್ಲಿ ನಮ್ಮ ಶಾಲೆಯ ರೇಡರ್. ಅವರ ಅಪ್ಪ ಅರಳೆ ಹಿಂಜಿ ಗಾದಿ, ರಜಾಯಿ ಹೊಲಿಯುವವರು. ಮೈಬೂಬನ ಅಂಗಿಯ ಮೇಲೆ ಯಾವಾಗಲೂ ಅರಳೆಯ ಎಳೆ ಅಂಟಿಕೊಂಡಿರುತ್ತಿತ್ತು.

ಅವತ್ತು ಮನೆಯಲ್ಲಿ ಅವ್ವ ಒಲೆಯ ಮುಂದಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪೇಪರು ತೋರಿಸಿದರೆ, "ಹನ್ನೆರಡು ಅಂದ್ರ ಕಡಿಮಿ ಏನು?" ಅಂತ ಕೇಳಿದಳು. ನೂರಕ್ಕೆ ಅಂದೆ. ರೊಟ್ಟಿ ಬಡಿಯುವ ಸಪ್ಪಳ ನಿಂತುಬಿಟ್ಟಿತು. ಹಂಚಿನ ಮೇಲಿನದು ಸೀದ ವಾಸನೆ ಬಂದರೂ ಅವಳು ತಿರುವಿ ಹಾಕಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫಲಿತಾಂಶ ಸುಧಾರಿಸಬೇಕು ಅಂತ ಮೇಲಿನಿಂದ ಆ ವರ್ಷ ಬಹಳ ಒತ್ತಡವಿತ್ತಂತೆ. ಅದಕ್ಕೆ ಹೆಡ್‌ಮಾಸ್ತರು ಒಂದು ಕ್ರಮ ಮಾಡಿದರು. ಹಿಂದುಳಿದ ಹುಡುಗರನ್ನು ಒಬ್ಬೊಬ್ಬ ಮಾಸ್ತರರು ದತ್ತು ತೆಗೆದುಕೊಳ್ಳಬೇಕು, ಬೆಳಿಗ್ಗೆ ಏಳಕ್ಕೆ ವಿಶೇಷ ವರ್ಗ ನಡೆಸಬೇಕು. ಯಾರಿಗೆ ಯಾರು ಅನ್ನುವುದಕ್ಕೆ ಚೀಟಿ ಎತ್ತಿದರು. ಮೈಬೂಬ ಮತ್ತು ನಾನು ಪಿ.ಟಿ. ಸರ್ ಪಾಲಿಗೆ ಬಂದೆವು. ಆಟ ಆಡಿಸುವ ಮಾಸ್ತರರ ಪಾಲಿಗೆ ಗಣಿತದಲ್ಲಿ ಅತಿ ದಡ್ಡರಿಬ್ಬರು! ಉಳಿದ ಹುಡುಗರು ಒಂದು ವಾರ ಅದನ್ನೇ ಹೇಳಿ ನಕ್ಕರು.

ಪಿ.ಟಿ. ಸರ್ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮನೆ ಮಾಡಿದ್ದರು. ಮೊದಲ ಬಸ್ಸಿಗೆ ಬಂದು ಇಳಿಯುತ್ತಿದ್ದರು. ಮೊದಲ ದಿನವೇ ನಮ್ಮನ್ನು ಮೈದಾನದಲ್ಲಿ ಕೂರಿಸಿಕೊಂಡು ಹೇಳಿದರು: "ನೋಡ್ರ್ಯಾ, ನಾನೂ ಗಣಿತದಾಗ ಬರೋಬ್ಬರ್ ಮೂವತ್ತೈದು ತಗೊಂಡು ಪಾಸಾದಾಂವ. ಮೂವತ್ತೈದು ಹೆಂಗ ತಗೋಬೇಕು ಅಂಬೋದು ನನ್ನಷ್ಟು ಈ ಸಾಲ್ಯಾಗ ಯಾರಿಗೂ ಗೊತ್ತಿಲ್ಲ."

ಅವರು ಕಲಿಸಿದ ರೀತಿ ನಾನು ಮುಂದೆ ಎಲ್ಲೂ ನೋಡಲಿಲ್ಲ. ಕಬಡ್ಡಿಯ ಅಂಕಣ ಹಾಕುವ ಹಗ್ಗ, ಒಂದು ಬುಟ್ಟಿ ಸುಣ್ಣದ ಪುಡಿ ತರಿಸಿದರು. ಹಗ್ಗಕ್ಕೆ ಮೂರು ಮೊಳ, ನಾಲ್ಕು ಮೊಳ, ಐದು ಮೊಳಕ್ಕೆ ಗಂಟು ಹಾಕಿಸಿದರು. ಒಂದೊಂದು ಗಂಟು ಒಬ್ಬೊಬ್ಬರು ಹಿಡಿದು ಜಗ್ಗಿ ನಿಂತೆವು.

"ಮೂಲಿ ಬರೋಬ್ಬರ್ ತೊಂಬತ್ತು ಬಂತಿಲ್ಲ? ಅಂಕಣ ಹಾಕೋವಾಗ ಇಪ್ಪತ್ತು ವರ್ಷ ಇದನ್ನೇ ಮಾಡೀನಿ. ಇದಕ್ಕ ಪೈಥಾಗೊರಸ್ ಪ್ರಮೇಯ ಅಂತಾರಂತ. ನನಗ ಹ್ವಾದ ವಾರ ಗೊತ್ತಾತು."

"ಮತ್ತ ಇಪ್ಪತ್ತು ವರ್ಷ ಏನಂತ ತಿಳ್ಕೊಂಡಿದ್ರಿ ಸರ್?" ಮೈಬೂಬ ಕೇಳಿದ.

"ಹಗ್ಗ ಅಂತ ತಿಳ್ಕೊಂಡಿದ್ದೆ ಮಗನ. ಜಗ್ಗಿ ಹಿಡಿ."

ಆಮೇಲೆ ಸುಣ್ಣದಲ್ಲಿ ದೊಡ್ಡ ತ್ರಿಭುಜ ಬರೆದು ಅದರ ಮೇಲೆ ನಡೆಸುತ್ತಿದ್ದರು. ದತ್ತ ಏನು, ಸಾಧನೀಯ ಏನು, ರಚನೆ ಎಲ್ಲಿಂದ ಎಲ್ಲಿಗೆ, ಎಲ್ಲ ಕಾಲಲ್ಲಿ ನಡೆದು ಬಾಯಲ್ಲಿ ಹೇಳಬೇಕು. ತಪ್ಪಿದರೆ ಶೀಟಿ ಊದಿ, "ಔಟ್! ತಿರುಗಿ ಎ ಇಂದ ಬಾ," ಅನ್ನುತ್ತಿದ್ದರು. ಇಬ್ಬನಿಗೆ ಒದ್ದೆಯಾದ ಸುಣ್ಣ ಬೆರಳ ಸಂದಿಯಲ್ಲಿ ಚುರುಗುಟ್ಟುತ್ತಿತ್ತು. ವರ್ಗ ಮುಗಿದ ಮೇಲೆ ತಮ್ಮ ಡಬ್ಬಿ ಬಿಚ್ಚಿ ಚುರುಮುರಿ ನೆನೆಸಿ ಮಾಡಿದ ಸೂಸಲಾ ಮೂರು ಪಾಲು ಮಾಡುತ್ತಿದ್ದರು. ಹಸಿಮೆಣಸಿನಕಾಯಿಯ ಖಾರಕ್ಕೆ ಮೂಗು ಸೋರುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ನನಗೆ ಪ್ರಮೇಯಗಳು ಬಂದವು. ಬಾಯಿಪಾಠ ಬಂತು ಅಂತಲ್ಲ. ಕಣ್ಣು ಮುಚ್ಚಿದರೂ ಎಲ್ಲಿ ಹೊರಳಬೇಕು ಅಂತ ಕಾಲಿಗೆ ಗೊತ್ತಾಗುತ್ತಿತ್ತು.

ಚಳಿ ಬಿದ್ದದ್ದೇ ಮೈಬೂಬ ಬರುವುದು ಕಡಿಮೆಯಾಯಿತು. ಜನ ರಜಾಯಿ ಹೊಲಿಸುವ ಕಾಲ. ಅವನು ಅಪ್ಪನ ಜೊತೆ ಹಳ್ಳಿ ಹಳ್ಳಿ ತಿರುಗಬೇಕು. ಹಗಲಿನ ಶಾಲೆಯೂ ತಪ್ಪತೊಡಗಿತು. ಅವರಪ್ಪ ಅವನಿಗೆ ಒಂದು ಮಾತು ಕೊಟ್ಟಿದ್ದರು: ಹತ್ತನೇ ಪಾಸಾದರೆ ಐಟಿಐಗೆ ಕಳಿಸುತ್ತೇನೆ, ಇಲ್ಲದಿದ್ದರೆ ಸೂಜಿ ಹಿಡಿ. ಮೈಬೂಬನಿಗೆ ಸೂಜಿ ಬೇಡವಾಗಿತ್ತು. ಎಲೆಕ್ಟ್ರಿಶಿಯನ್ ಆಗುವುದಿತ್ತು. ಆದರೆ ಹಾಜರಿ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂರಲು ಹಾಲ್ ಟಿಕೆಟ್ಟೇ ಕೊಡುತ್ತಿರಲಿಲ್ಲ. ಅಂಥವರಿಗೆ ಬೆಳಗಿನ ವರ್ಗದ ಹಾಜರಿ ಸೇರಿಸಿ ಹಿಡಿಯೋಣ ಅಂತ ಹೆಡ್‌ಮಾಸ್ತರು ಒಪ್ಪಿದ್ದರು. ಅದಕ್ಕೆ ಬೇರೆ ಪುಸ್ತಕವಿತ್ತು. ಅದು ಪಿ.ಟಿ. ಸರ್ ಕೈಯಲ್ಲಿತ್ತು.

ನಾನೊಬ್ಬನೇ ತ್ರಿಭುಜದ ಮೇಲೆ ನಡೆಯುತ್ತಿದ್ದ ಆ ಮುಂಜಾನೆಗಳಲ್ಲಿ ಸರ್ ನಡುನಡುವೆ ಗೇಟಿನ ಕಡೆ ನೋಡುತ್ತಿದ್ದರು. "ಬಂದನೇನೋ?" ಅನ್ನುತ್ತಿದ್ದರು. ಬಂದಿರುತ್ತಿರಲಿಲ್ಲ. ಆದರೂ ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಹಾಜರಿ ಹಾಕುತ್ತಿದ್ದರು. ನಾನು ನೋಡಿದ್ದನ್ನು ಅವರು ನೋಡಿದ್ದರು. ಪುಸ್ತಕ ಮುಚ್ಚಿ ಹಗ್ಗ ಸುತ್ತತೊಡಗಿದರು.

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ ಮೂವತ್ತೆಂಟು ಬಂತು. ಪೇಪರು ಕೈಗೆ ಬಂದಾಗ ಮೈಯೆಲ್ಲ ಹಗುರವಾದದ್ದು ನೆನಪಿದೆ. ಆ ಹಗುರ ಒಂದು ನಿಮಿಷವೂ ಬಾಳಲಿಲ್ಲ. ಮೈಬೂಬನಿಗೆ ನಲವತ್ತೊಂದು ಬಂದಿತ್ತು.

"ಮೂರು ಮಾರ್ಕು ಮುಂದ ನೋಡ್ ಮಗನ," ಅಂತ ಅವನು ನನ್ನ ಬೆನ್ನಿಗೆ ಗುದ್ದಿದ. ನಾನೂ ನಕ್ಕೆ. ಒಳಗೆ ನಗಲಿಲ್ಲ. ಮುಂಜಾನೆಯ ಚಳಿಯಲ್ಲಿ ದಿನಾ ನಡೆದವನು ನಾನು. ಬಾರದವನಿಗೆ ಹೆಚ್ಚು ಬಂದದ್ದು ಹೇಗೆ?

ಹೆಡ್‌ಮಾಸ್ತರರಿಗೂ ಅದೇ ಅನುಮಾನ ಬಂದಿರಬೇಕು. ಮರುದಿನ ನನ್ನನ್ನು ತಮ್ಮ ಖೋಲಿಗೆ ಕರೆದರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಖೋಲಿಯಲ್ಲಿ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು ಅಂತ ನೆನಪಿದೆ. ಆದರೆ ಅದು ಸಂಕ್ರಾಂತಿ ಮುಗಿದ ವಾರ. ಆ ಚಳಿಯಲ್ಲಿ ಫ್ಯಾನು ಯಾರು ಹಚ್ಚುತ್ತಾರೆ? ಹಾಗಾದರೆ ಫ್ಯಾನು ಬೇರೆ ಯಾವುದೋ ದಿನದ್ದು. ಫ್ಯಾನು ಬೇರೆ ದಿನದ್ದಾದರೆ ಮಾತು ಯಾವ ದಿನದ್ದು? ವಿಶ್ವವಿದ್ಯಾಲಯದಲ್ಲಿ ನಾನು ಇತಿಹಾಸ ಓದಿದೆ. ಯಾವ ದಾಖಲೆ ಸಿಕ್ಕರೂ ಇದನ್ನು ಬರೆದವನಿಗೆ ಇದರಿಂದ ಲಾಭವೇನು ಅಂತ ಮೊದಲು ಕೇಳಬೇಕು ಅಂತ ಅಲ್ಲಿ ಕಲಿಸಿದರು. ನನ್ನ ನೆನಪಿಗೆ ಆ ಪ್ರಶ್ನೆ ಕೇಳಿದಾಗಲೆಲ್ಲ ಅದು ಬೇರೆ ಬೇರೆ ಉತ್ತರ ಕೊಡುತ್ತದೆ.

"ಮುಂಜಾನಿ ವರ್ಗಕ್ಕ ಮೈಬೂಬ ಬರ್ತಾನೇನು? ಖರೇ ಹೇಳು." ಹೆಡ್‌ಮಾಸ್ತರರ ಈ ಪ್ರಶ್ನೆಯಲ್ಲಿ ನನಗೆ ಅನುಮಾನವಿಲ್ಲ.

"ಇಲ್ರಿ ಸರ್, ಬರಂಗಿಲ್ರಿ" ಅಂದೆ. ಇದರಲ್ಲೂ ಇಲ್ಲ.

ಅಷ್ಟಕ್ಕೇ ನಿಂತಿದ್ದರೆ ಹೆದರಿದ ಹುಡುಗ ಕೇಳಿದ್ದಕ್ಕೆ ಉತ್ತರ ಕೊಟ್ಟ ಅನ್ನಬಹುದು. ಆದರೆ ಇನ್ನೊಂದು ಮಾತು ನನ್ನ ಕಿವಿಯಲ್ಲಿ ನನ್ನದೇ ದನಿಯಲ್ಲಿ ಇದೆ: "ಪಿ.ಟಿ. ಸರ್ ಸುಮ್ನೇ ಹಾಜರಿ ಹಾಕ್ತಾರ್ರಿ." ಇದನ್ನು ಅವತ್ತು ಅಂದೆನೋ, ಅನ್ನಬೇಕು ಅಂದುಕೊಂಡು ನುಂಗಿದೆನೋ, ಇಲ್ಲ ಮುಂದೆ ಯಾವಾಗಲೋ ನನ್ನನ್ನೇ ಶಿಕ್ಷಿಸಿಕೊಳ್ಳಲು ಸೇರಿಸಿದೆನೋ ಗೊತ್ತಿಲ್ಲ. ಒಂದು ಮಾತು ಆಡಿದವನು ಬೇರೆ, ಎರಡು ಮಾತು ಆಡಿದವನು ಬೇರೆ. ಅವರಿಬ್ಬರಲ್ಲಿ ನಾನು ಯಾರು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ.

ಆದದ್ದು ಮಾತ್ರ ಸ್ಪಷ್ಟ. ಹೆಡ್‌ಮಾಸ್ತರು ಪುಸ್ತಕ ತರಿಸಿದರು. ಮೈಬೂಬನ ಹೆಸರಿನ ಮುಂದಿನ ಹಾಜರಿಯ ಮೇಲೆಲ್ಲ ಕೆಂಪು ಗೆರೆ ಬಿತ್ತು. ಪಿ.ಟಿ. ಸರ್ ಅವರನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೇಳಿದರಂತೆ. ಆ ವರ್ಷದ ಕೊನೆಗೆ ಅವರು ಬೇರೆ ಊರಿಗೆ ವರ್ಗವಾದರು. ಮೈಬೂಬನ ಹಾಲ್ ಟಿಕೆಟ್ ಬಂದಿತ್ತು, ಹೆಡ್‌ಮಾಸ್ತರು ಕೊಡಲಿಲ್ಲ. ಅವರಪ್ಪ ಬಂದು ಖೋಲಿಯ ಹೊರಗೆ ಅರ್ಧ ದಿನ ನಿಂತಿದ್ದರು. ನಾನು ಕಿಟಕಿಯಿಂದ ನೋಡಿದೆ.

ಬೆಳಗಿನ ವರ್ಗ ನಿಲ್ಲಲಿಲ್ಲ. ಕೆಂಪು ಗೆರೆ ಬಿದ್ದ ಮರುದಿನವೂ ಸರ್ ಮೊದಲ ಬಸ್ಸಿಗೆ ಬಂದರು. ನಾನು ಅಳುತ್ತ ಹೋಗಿದ್ದೆ ಅನಿಸುತ್ತದೆ. ಅವರು ಸಿಟ್ಟಾಗಲಿಲ್ಲ.

"ನೀ ಖರೇನೇ ಹೇಳೀದಿ. ನಾನೇ ನಿನಗ ಪೂರಾ ಹೇಳಿರ್ಲಿಲ್ಲ," ಅಂದರು. "ಐತವಾರಕ್ಕೊಮ್ಮೆ ಅವ ಗಾದಿ ಮುಟ್ಟಸ್ಲಾಕ ಸ್ಟೇಶನ್ ಬಜಾರಕ್ಕ ಬರ್ತಿದ್ದ. ಗಾದಿ ಕೊಟ್ಟು ನಮ್ಮ ಮನಿಗಿ ಬಂದು ಮಧ್ಯಾಹ್ನತನ ಕೂಡ್ತಿದ್ದ. ವಾರದ್ದೆಲ್ಲ ಒಂದೇ ದಿನದಾಗ ತೀರಸ್ತಿದ್ದ. ನಾ ಅದನ್ನ ಹಾಜರಿ ಅಂತ ಹಿಡದೆ."

ನಾನು ಅಂಗಿಯ ತೋಳಿಗೆ ಮುಖ ಒರೆಸಿಕೊಂಡೆ.

"ನಡಿ," ಅಂದರು. "ಎ ಇಂದ ಶುರು ಮಾಡು. ನೀನರೆ ಪಾಸಾಗು."

ಮೈಬೂಬ ಬಾರದಿದ್ದರೂ ಅಲ್ಲಿಯ ತನಕ ಮೂರು ಪಾಲಾಗುತ್ತಿದ್ದ ಡಬ್ಬಿಯ ಸೂಸಲಾ ಅವತ್ತು ಎರಡೇ ಪಾಲಾಯಿತು. 

ಮಾರ್ಚಿನ ಪರೀಕ್ಷೆಯ ದಿನ ನನ್ನ ಸಾಲಿನಲ್ಲಿ ಮೂರು ಬೆಂಚು ಮುಂದೆ ಮೈಬೂಬನ ನಂಬರು ಬರೆದಿತ್ತು. ಬೆಂಚು ಖಾಲಿ. ಮೇಲ್ವಿಚಾರಕರು ಎರಡು ಸಲ ನಂಬರು ಕೂಗಿ ಗೈರು ಅಂತ ಬರೆದುಕೊಂಡರು. ಪ್ರಮೇಯ ಬರೆಯುವಾಗ ನನ್ನ ಕಾಲು ಬೆಂಚಿನ ಕೆಳಗೆ ತಾನಾಗಿ ಅಲುಗಾಡುತ್ತಿತ್ತು. ಐವತ್ತಾರು ಬಂತು. ಅಕ್ಟೋಬರಿನ ಹನ್ನೆರಡರಿಂದ ಮಾರ್ಚಿನ ಐವತ್ತಾರಕ್ಕೆ. ನೋಡಿ ಕಲೀರಿ ಅಂತ ಹೆಡ್‌ಮಾಸ್ತರು ಮುಂದಿನ ವರ್ಷದ ಹುಡುಗರಿಗೆ ನನ್ನ ಹೆಸರು ಹೇಳುತ್ತಿದ್ದರಂತೆ. ಅವ್ವ ಓಣಿಗೆಲ್ಲ ಕೆಂಬಾಳೆಹಣ್ಣು ಹಂಚಿದಳು. ಮೈಬೂಬನ ಮನೆಗೂ ಕೊಟ್ಟು ಬಾ ಅಂದಳು. ನಾನು ಆ ಓಣಿಯ ತಿರುವಿನ ತನಕ ಹೋಗಿ, ಅಲ್ಲೇ ನಿಂತು ಹಣ್ಣು ಒಂದೊಂದಾಗಿ ತಿಂದು ವಾಪಸು ಬಂದೆ.

ಈಗ ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಕಲಬುರಗಿಗೆ ಅಂಟಿಕೊಂಡ ಕುಸನೂರಿನಲ್ಲಿ ಇದ್ದೇನೆ. ಊರು ಯಾವುದು, ನಗರ ಯಾವುದು ಅಂತ ಗುರುತೇ ಸಿಗದ ಹಾಗೆ ಎರಡೂ ಕೂಡಿಕೊಂಡಿವೆ. ಪಿ.ಟಿ. ಸರ್ ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಮೈಬೂಬನ ಗಾದಿ ಅಂಗಡಿ ಸ್ಟೇಶನ್ ಬಜಾರದಲ್ಲಿದೆ ಅಂತ ಗೊತ್ತಿದ್ದೂ ನಾನು ಆ ರಸ್ತೆ ತಪ್ಪಿಸಿಯೇ ಓಡಾಡುತ್ತಿದ್ದೆ. ಹೋದ ಬೇಸಿಗೆಯಲ್ಲಿ ಒಂದು ದಿನ ಹೋದೆ.

ಅವನು ಗುರುತು ಹಿಡಿದ. "ಏನ್ರೀ ಪ್ರೊಫೆಸರ್ ಸಾಬ್, ನಿದ್ದಿ ಬರವಲ್ದೇನು? ಗಾದಿ ಬೇಕೇನು?" ಅಂದ. ಚಹಾ ತರಿಸಿದ. ಗ್ಲಾಸು ಅರ್ಧ ಖಾಲಿಯಾದ ಮೇಲೆ ನಾನು ಖೋಲಿಯಲ್ಲಿ ಆಡಿದ ಮಾತು ಹೇಳಿದೆ. ಒಂದು ಮಾತೂ ಹೇಳಿದೆ, ಎರಡನೆಯ ಮಾತೂ ಹೇಳಿದೆ.

ಅವನು ಅಳತೆಯ ಟೇಪು ಸುತ್ತುತ್ತ ಕೇಳಿದ. "ನಿನ್ನ ಯಾರು ಕರದಿದ್ರೋ? ಹೆಡ್‌ಮಾಸ್ತರು ಒಂದಿನ ತಾವೇ ಮೈದಾನಕ್ಕ ಬಂದು ನೋಡ್ಯಾರ. ಅಪ್ಪಾಗ ಹಂಗೇ ಹೇಳಿದ್ರು. ನೀ ಸುಮ್ನ ತಲಿ ಕೆಡಿಸ್ಕೊಂಡಿ."

"ಖರೇ?"

"ಖರೇ ಅಂದ್ನೆಲ್ಲೋ. ಚಹಾ ಕುಡಿ, ಆರ್ತದ."

ಅವನು ಹೇಳಿದ್ದು ನಿಜವಿರಬಹುದು. ನನ್ನ ಮುಖ ನೋಡಿ ಕರುಣೆಯಿಂದ ಹೇಳಿರಲೂಬಹುದು. ನಿಜವಾದರೆ ಇಷ್ಟು ವರ್ಷ ಗೆಳೆಯನೊಬ್ಬನನ್ನು ನಾನು ಸುಮ್ಮಸುಮ್ಮನೆ ದೂರ ಇಟ್ಟಿದ್ದೆ. ಸುಳ್ಳಾದರೆ ಅವನು ಕ್ಷಮಿಸಿದ ವಿಷಯವನ್ನೂ ನನಗೆ ತಿಳಿಸದೆ ಕ್ಷಮಿಸಿದ. ನೀ ಖರೇನೇ ಹೇಳೀದಿ ಅಂದ ಸರ್ ಮಾತೂ ಇರುವುದು ನನ್ನ ನೆನಪಿನಲ್ಲೇ, ಕೇಳಿ ನೋಡಲು ಸರ್ ಇಲ್ಲ. ಕೆಂಪು ಗೆರೆಯ ಪುಸ್ತಕ ಯಾವ ರದ್ದಿಗೆ ಹೋಯಿತೋ. ಮೈಬೂಬ ನನಗಿಂತ ಮೂರು ಅಂಕ ಮುಂದಿದ್ದ ಅನ್ನುವುದಕ್ಕೆ ಈ ಲೋಕದಲ್ಲಿ ಉಳಿದಿರುವ ಸಾಕ್ಷಿ ನನ್ನ ನೆನಪೊಂದೇ. ಇಲ್ಲದ ಫ್ಯಾನನ್ನು ತಿರುಗಿಸಿದ ನೆನಪು ಅದು.

ಏಳಲು ಹೊರಟಾಗ ಅವನು ಗಲ್ಲಾದ ಕೆಳಗಿನಿಂದ ಒಂದು ಕಾಗದ ತೆಗೆದ. ಮಗಳನ್ನು ಒಂದನೆಯ ತರಗತಿಗೆ ಸೇರಿಸುವ ಅರ್ಜಿ. "ಬಂದೀದಿ ಅಂದ್ರ ತುಂಬಿಕೊಟ್ಟು ಹೋಗು. ನಿನ್ನ ಅಕ್ಷರ ಚಂದ ಅದಾವ."

ಮಗುವಿನ ಹೆಸರು ಬರೆದೆ. ಹುಟ್ಟಿದ ದಿನ, ತಾಯಿಯ ಹೆಸರು, ತಂದೆಯ ಹೆಸರು. ಅದರ ಕೆಳಗೆ ತಂದೆಯ ವಿದ್ಯಾರ್ಹತೆ ಅಂತ ಇತ್ತು. ಪೆನ್ನು ನಿಂತಿತು.

ಅವನು ಬಟ್ಟೆ ಕತ್ತರಿಸುತ್ತಿದ್ದ. ತಿರುಗಿ ನೋಡದೆಯೇ, "ಒಂಬತ್ತನೇ ಪಾಸ್ ಅಂತ ಬರಿ," ಅಂದ.

"ಹತ್ತೂ ಓದಿದ್ದಿಯಲ್ಲೋ."

"ಓದಿದ್ದು ಯಾರು ಕೇಳ್ತಾರೋ ಶರಣ್ಯಾ? ಪಾಸಾಗಿದ್ದು ಕೇಳ್ಯಾರ. ಬರಿ."

ಒಂಬತ್ತನೆಯ ತರಗತಿ ಅಂತ ನನ್ನ ಚಂದದ ಅಕ್ಷರದಲ್ಲಿ ಬರೆದೆ.