ತಂಬಿಗೆ ಹಿಡಿದು ನಡೆದ ಅಕ್ಕೋರು

ಹೋದ ವಾರ ಶಿಗ್ಗಾವಿಯ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಕಳ್ಳಿಯ ಬೇಲಿ ಕಡಿದರು. ಸ್ವಾತಂತ್ರ್ಯ ಬಂದು ವರ್ಷವಾಯಿತೆಂದು ಧ್ವಜದ ಕಂಬ ನಿಲ್ಲಿಸಲು ಜಾಗ ಬೇಕಿತ್ತಂತೆ. ಕಡಿದ ಕಳ್ಳಿಯ ಹಾಲಿನ ಕಟುವಾದ ಹಸಿ ವಾಸನೆ ಅಡಿಗೆಮನೆಯವರೆಗೂ ಬಂತು. ಒಲೆಯ ಮುಂದೆ ಕೂತಿದ್ದ ನಾನು ಎದ್ದು ಕಿಟಕಿ ಮುಚ್ಚಿದೆ. ಹಾನಗಲ್ಲಿನ ಕೋಟೆ ಕಂದಕದ ಬದಿಯ ಕಳ್ಳಿಸಾಲು ಕಣ್ಣಮುಂದೆ ಬಂತು... ಅದರ ಹಿಂದೆಯೇ ಅಕ್ಕೋರು.

ಮದುವೆಗೆ ಮೊದಲು, ತವರೂರು ಸವಣೂರಿನಲ್ಲಿ ಮುಲ್ಕಿ ಪರೀಕ್ಷೆ ಪಾಸು ಮಾಡಿ ನಾನು ಸುಮ್ಮನೆ ಕೂತಿದ್ದೆ. ಪುರಾಣ ಹೇಳುತ್ತಿದ್ದ ಅಪ್ಪ, ನಾಲ್ಕು ಒಳ್ಳೆಯ ಕೆಲಸ ಕಲಿಯಲಿ ಎಂದು ಹಾನಗಲ್ಲಿನ ಸೋದರತ್ತೆಯ ಮನೆಗೆ ಕಳಿಸಿದ. ಅಲ್ಲಿ ಹೆಂಗಸರ ಸಮಾಜವೊಂದಿತ್ತು. ಅದನ್ನು ನಡೆಸುತ್ತಿದ್ದವರು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರು. ಒಕ್ಕಲುತನದ ಲಿಂಗವಂತರ ಮನೆಯವರು, ಗಂಡನನ್ನು ಬೇಗ ಕಳಕೊಂಡವರು. ಎತ್ತರದ ಆಳು, ಗಡಸು ದನಿ. ಓಣಿ ಓಣಿ ತಿರುಗಿ ಹೆಂಗಸರನ್ನು ಕರೆತರುವುದು, ಜಮಖಾನೆ ಹಾಸುವುದು, ವರ್ತಮಾನ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ.

ಊರ ಬಡ ಹೆಂಗಸರು ನಸುಕಿನಲ್ಲಿ ಬಯಲಕಡೆಗೆ ಹೋಗುತ್ತಿದ್ದುದು ಕಂದಕದ ಆಚೆಯ ಕಳ್ಳಿಸಾಲಿನ ಮರೆಗೆ. ಅಜ್ಜಿಯಂದಿರ ಕಾಲದಿಂದ ಅದು ಹೆಂಗಸರದೇ ಜಾಗ. ಆ ವರ್ಷ ಅರಳೆ ವ್ಯಾಪಾರದ ಸಾವಕಾರರೊಬ್ಬರು ಊರ ಹಿರಿಯರನ್ನು ಒಲಿಸಿಕೊಂಡು ಅದನ್ನು ತಮ್ಮದಾಗಿಸಿಕೊಂಡರು. ಕಳ್ಳಿ ಕಡಿಸಿ ಸುತ್ತ ಮುಳ್ಳುತಂತಿ ಹೊಡೆಸಿದರು. ಹೆಂಗಸರಿಗೆ ಉಳಿದದ್ದು ಬೆತ್ತಲೆ ಕೆರೆದಾರಿ. ಅಲ್ಲಿ ಉಡಾಳರು ಕಾದು ನಿಂತು ಬ್ಯಾಟರಿಯ ಬೆಳಕು ಬಿಡುತ್ತಿದ್ದರು, ನಗುತ್ತಿದ್ದರು. ಹೆಂಗಸರು ಹೊತ್ತು ಇಳಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ನೇಕಾರರ ಮನೆಯ ಬಸುರಿ ಸೊಸೆ ಹಾಗೆ ಬೆಳಕು ಬಿದ್ದಾಗ ಓಡಿ, ಕಂದಕದಲ್ಲಿ ಜಾರಿ ಬಿದ್ದಳು. ಅವಳೇನೋ ಉಳಿದಳು, ಹೊಟ್ಟೆಯೊಳಗಿನದು ಉಳಿಯಲಿಲ್ಲ.

ಅವಳನ್ನು ನೋಡಿಬಂದು ಅಕ್ಕೋರು ನನ್ನನ್ನು ಕರಕೊಂಡು ಸಾವಕಾರರ ಬಳಿ ಹೋದರು. ಗಾದಿಗೆ ಒರಗಿ ಎಲೆ ಹಾಕುತ್ತಿದ್ದ ಅವರು ಮಾತು ಮುಗಿಯುವ ಮೊದಲೇ ಮೂಗು ಮುರಿದರು. “ಅಕ್ಕೋರ, ಇಂಥಾ ಹೊಲಸ ಮಾತು ದೊಡ್ಡವರ ಮುಂದ ಆಡಬಾರದ್ರಿ.” ಹಾಗೆಂದು ಕೆಂಪು ಉಗುಳನ್ನು ನಮ್ಮ ಕಾಲ ಬಳಿಯ ಪಿಕದಾನಿಗೆ ಉಗುಳಿದರು. ಸಿಡಿದ ಹನಿ ನನ್ನ ಸೀರೆಗೆ ಬಿತ್ತು. ಆ ಸೀರೆಯನ್ನು ನಾನು ಮತ್ತೆ ಉಡಲಿಲ್ಲ.

ದಾರಿಯಲ್ಲಿ ಅಕ್ಕೋರು ಕೇಳಿದರು, “ನಿನಗೂ ಅಸಹ್ಯ ಅನಸ್ತೇನವಾ?”

“ಹೌದ್ರೀ.”

“ಅನಸ್ಲಿ. ಯಾರ ಮ್ಯಾಲ ಅಂಬೂದು ಮಾತ್ರ ನೋಡ್ಕೊ.”

ಸಮಾಜದ ವಾರ್ಷಿಕ ಸಭೆಗೆ ಆ ಸಾವಕಾರರೇ ಅಧ್ಯಕ್ಷರು. ಖಾದಿ ಅಂಗಿ ತೊಟ್ಟು, ಹೆಣ್ಣು ಮಕ್ಕಳು ಮನೆಯ ದೇವತೆಯರು ಎಂದು ಬಹಳ ಹೊತ್ತು ಮಾತಾಡಿದರು. ಚಪ್ಪಾಳೆ ನಿಲ್ಲುವ ಮೊದಲೇ ಅಕ್ಕೋರು ಎದ್ದರು.

“ದೇವತಿ ಅಂದ್ರಿ, ಚಲೋ ಆತು. ದೇವತಿಗೂ ಹೊಟ್ಟಿ ಇರ್ತೈತ್ರಿ ಸಾವಕಾರ್ರ. ನೀವು ಬೇಲಿ ಹಾಕಿದ ಮ್ಯಾಲ ಆಕಿ ಮುಂಜಾನೆದ್ದು ಎಲ್ಲಿಗೆ ಹೋಗಬೇಕು, ಅದನ್ನಷ್ಟು ಹೇಳಿಬಿಡ್ರಿ.”

ಸಾವಕಾರರು ಶಾಲು ಕೊಡವಿ ಎದ್ದುಹೋದರು. ಅದಕ್ಕೆ ನಾನು ಹೇಸಲಿಲ್ಲ. ಮುಂದಿನ ಸಾಲಿನ ದೊಡ್ಡ ಮನೆಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರಲ್ಲ, ಅದಕ್ಕೆ ಹೇಸಿದೆ. ಅವರೆಲ್ಲರ ಹಿತ್ತಲಲ್ಲಿ ಪಾಯಖಾನೆ ಇತ್ತು.

ಮರುದಿನ ಹೊತ್ತೇರಿದ ಮೇಲೆ ಅಕ್ಕೋರು ಕೈಯಲ್ಲಿ ತಂಬಿಗೆ ಹಿಡಿದು ಪೇಟೆಯ ನಡುವೆಯೇ ನಡೆದರು. ಹಿಂದೆ ನೇಕಾರರ, ಕುಂಬಾರರ, ಪಿಂಜಾರರ ಮನೆಯ ಹೆಂಗಸರು, ಎಲ್ಲರ ಕೈಯಲ್ಲೂ ತಂಬಿಗೆ. ನಾನೂ ಹಿಡಿದಿದ್ದೆ. ಅಂಗಡಿಕಾರರು ಹಲ್ಲು ಕಿರಿಯುತ್ತಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಸಾವಕಾರರ ಬಾಗಿಲಲ್ಲಿ ನಿಂತು ಅಕ್ಕೋರು ಕೂಗಿದರು, “ನಮಗ ಜಾಗಾ ಇಲ್ರಿ. ನಿಮ್ಮ ಹಿತ್ತಲಾ ತೋರಸ್ರಿ.”

ಸಾವಕಾರರು ಬಯ್ಯುತ್ತ ಹೊರಬಂದರು. ಅವರ ಹಿಂದಿನಿಂದ ಅವರ ಹೆಂಡತಿ ಬಂದರು. ಆ ತಾಯಿಯ ದನಿಯನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಗಂಡನ ಕಡೆ ನೋಡದೆ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಬರ್ರಿ, ಒಳಗ ಬರ್ರಿ. ಹಿತ್ತಲ ಬಾಗಲಾ ತೆಗದೇನಿ” ಅಂದರು.

ಪಡಸಾಲೆ ದಾಟಿ, ದೇವರ ಕೋಣೆಯ ಮುಂದಿನಿಂದಲೇ ಹೆಂಗಸರು ಒಬ್ಬೊಬ್ಬರಾಗಿ ಹೋದರು, ಬಂದರು. ಮಣ್ಣುಗಾಲಿನ ಗುರುತು ಮನೆತುಂಬ. ಸಾವಕಾರರು ಮೂಗಿಗೆ ವಸ್ತ್ರ ಒತ್ತಿಕೊಂಡು ಕಂಬಕ್ಕೆ ಅಂಟಿ ನಿಂತಿದ್ದರು. ಸಂಜೆಯೊಳಗೆ ಆಳುಗಳು ಬಂದು ಮುಳ್ಳುತಂತಿ ಕಿತ್ತರು, ಸುತ್ತ ಮರೆಗೆ ತಡಿಕೆ ಕಟ್ಟಿಕೊಟ್ಟರು.

ಗೆದ್ದೆವು ಅಂದುಕೊಂಡೆವು... ಊರ ದೊಡ್ಡವರು ಬೇರೆ ದಾರಿ ಹಿಡಿದರು. ಲಜ್ಜೆಗೆಟ್ಟವಳ ಹತ್ತಿರ ನಮ್ಮ ಹುಡುಗಿಯರು ಕಲಿಯುವುದೇನು ಎಂದು ಶಾಲೆ ಬಿಡಿಸಿದರು. ಸಮಾಜದವರು ಅಕ್ಕೋರನ್ನು ಕೈಬಿಟ್ಟರು. ಅಪ್ಪ ಬಂದು ನನ್ನನ್ನು ಗಾಡಿಗೆ ಹತ್ತಿಸಿದ. ಅಕ್ಕೋರು ಹಂಸಭಾವಿಯಲ್ಲಿ ಅಣ್ಣನ ಮನೆ ಸೇರಿದರು. ಮಲೇರಿಯ ಜ್ವರದಲ್ಲಿ ಅಲ್ಲೇ ತೀರಿದರು ಎಂಬುದು ನನ್ನ ಮದುವೆಯಾಗಿ ಎಷ್ಟೋ ದಿನಗಳ ಮೇಲೆ ಬಾಯಿಂದ ಬಾಯಿಗೆ ತಿಳಿಯಿತು. ಸಾವಕಾರರ ಹೆಂಡತಿಯನ್ನು ಆಮೇಲೆ ಯಾರೂ ಹೊರಗೆ ಕಂಡಿಲ್ಲವಂತೆ.

ನಿನ್ನೆ ಇಲ್ಲಿ ಧ್ವಜ ಏರಿಸಲು ಬಂದವರು ಅದೇ ಸಾವಕಾರರು. ಕೂದಲು ಬೆಳ್ಳಗಾಗಿದೆ, ತಲೆಗೆ ಬಿಳಿ ಟೋಪಿ ಬಂದಿದೆ. ಹೆಂಗಸರ ಕೈಯಲ್ಲಿ ದೇಶದ ಮಾನವಿದೆ ಎಂದರು. ಮಾನ ಎಂಬ ಮಾತು ಆ ಬಾಯಲ್ಲಿ ಎಲೆಯುಗುಳಿನಂತೆ ಕೇಳಿತು. ಜನ ಚಪ್ಪಾಳೆ ಹೊಡೆದರು. ಯಾರಾದರೂ ಎದ್ದು ಏನಾದರೂ ಕೇಳಿಯಾರು ಎಂಬಂತೆ ನಾನು ಹೆಂಗಸರ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಎಲ್ಲರೂ ಕೂತೇ ಇದ್ದರು.