ಮೈಕ್ ಅಣ್ಣು ಮತ್ತು ಶಾಸಕರ ‘ಮಾಡುವ’

ಪುಂಜಾಲಕಟ್ಟೆಯ ಮೈಕ್ ಅಣ್ಣುವಿನ ಸ್ವರ ಮೂರು ತಾಲೂಕಿನವರಿಗೂ ಗೊತ್ತು. ಆದರೆ ಆ ಸ್ವರದಲ್ಲಿ ಅವರು ಕೇಳಿದ್ದೆಲ್ಲ ಒಂದೇ ಮಾತು: ‘ಹಲೋ, ಹಲೋ, ಮೈಕ್ ಚೆಕ್.’ ಬಂಟ್ವಾಳದ ಮದುವೆ ಹಾಲಿರಲಿ, ಬೆಳ್ತಂಗಡಿಯ ಕೃಷಿಕರ ಸಭೆಯಿರಲಿ, ಮೂಡುಬಿದಿರೆಯ ಶಾಲಾ ವಾರ್ಷಿಕೋತ್ಸವವಿರಲಿ, ಅಷ್ಟು ಹೇಳಿ, ಮೈಕನ್ನು ಹೆಗಲ ಮೇಲಿನ ಬೈರಾಸಿನಿಂದ ಒರೆಸಿ, ಬೇರೆಯವರಿಗೆ ಒಪ್ಪಿಸಿ ಅಣ್ಣು ವೇದಿಕೆಯಿಂದ ಇಳಿಯುತ್ತಿದ್ದ. ಬೇರೆಯವರು ಮಾತಾಡುವುದರ ಬಗ್ಗೆ ಅವನಿಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಒಬ್ಬನ ಬಗ್ಗೆ ಮಾತ್ರ. ಅವನು ಶಾಸಕ ಕೃಷ್ಣಕುಮಾರ.

ಅಣ್ಣುವಿನ ಹೆಂಡತಿ ಶಶಿಪ್ರಭಾಳನ್ನು ಮೊದಲು ನೋಡಲು ಹೋದವನು ಈ ಕೃಷ್ಣಕುಮಾರನೇ. ಆಗ ಅವನಿನ್ನೂ ಯುವಕ ಮಂಡಲದ ಅಧ್ಯಕ್ಷ. ಮೂಡುಬಿದಿರೆಯ ಅವರ ಮನೆಗೆ ಹೋಗಿ, ಬೊಂಡದ ಎಳನೀರು ಕುಡಿದು, ಚಾವಡಿಯಲ್ಲಿದ್ದವರನ್ನೆಲ್ಲ ನಗಿಸಿ ಬಂದಿದ್ದನಂತೆ. ಆ ಸಂಬಂಧ ಕೂಡಿಬರಲಿಲ್ಲ. ಯಾಕೆಂದು ಅಣ್ಣು ಕೇಳಲಿಲ್ಲ, ಶಶಿ ಹೇಳಲೂ ಇಲ್ಲ. ಕೇಳಿಬಿಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತೋ ಏನೋ. ಕೇಳದೆ ಬಿಟ್ಟದ್ದರಿಂದ ಅದು ಅಣ್ಣುವಿನ ಹೊಟ್ಟೆಯಲ್ಲೇ ಕೂತು ವರ್ಷಗಟ್ಟಲೆ ಹುಳಿಯುತ್ತಿತ್ತು. ಕೃಷ್ಣಕುಮಾರ ಶಾಸಕನಾದದ್ದು, ಎರಡನೇ ಸಲವೂ ಗೆದ್ದದ್ದು, ಹೋದಲ್ಲೆಲ್ಲ ಹೆಂಗಸರು ಅವನ ಭಾಷಣಕ್ಕೆ ಬಾಯಿಗೆ ಸೆರಗು ಹಿಡಿದು ನಗುವುದು, ಅವರ ನಡುವೆ ಶಶಿಯೂ ಕೂತಿರುವುದು, ಎಲ್ಲವೂ ಆ ಹುಳಿಗೇ ಹೋಗಿ ಬೀಳುತ್ತಿತ್ತು.

ಸೇಡು ತೀರಿಸಿಕೊಳ್ಳಲು ಮೈಕಿನವನ ಕೈಯಲ್ಲಿ ಏನಿರುತ್ತದೆ? ಎರಡು ಗುಂಡಿ. ಕೃಷ್ಣಕುಮಾರ ಎದ್ದು ನಿಂತ ಕೂಡಲೇ ಅಣ್ಣು ಬೇಸನ್ನು ಇಳಿಸಿ ಟ್ರೆಬಲನ್ನು ಏರಿಸುತ್ತಿದ್ದ. ಶಾಸಕರ ಗಂಡು ಸ್ವರ ಕೀರಲಾಗಿ ಹೊರಬರುತ್ತಿತ್ತು. ಅಣ್ಣುವಿಗೆ ಅಷ್ಟರಲ್ಲೇ ಹೊಟ್ಟೆ ತಂಪಾಗುತ್ತಿತ್ತು. ಆದರೆ ಮನೆಗೆ ಬಂದ ಮೇಲೆ ಶಶಿ ಕೇಳುವಳು, “ಓ ಇವರೇ, ಇವತ್ತು ಅವರಿಗೆ ಶೀತವಾ? ಪಾಪ, ಸ್ವರವೇ ಬರ್ತಿರ್ಲಿಲ್ಲ.”

ಆ ‘ಪಾಪ’ ಕೇಳಿದ ದಿನ ಅಣ್ಣುವಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಚುನಾವಣೆ ಹತ್ತಿರ ಬಂತು. ಎದುರು ಪಕ್ಷದ ಕಡೆಯಿಂದ ಸಾತ್ವಿಕಾ ಎಂಬ ಹುಡುಗಿ ಅಣ್ಣುವನ್ನು ಹುಡುಕಿಕೊಂಡು ಬಂದಳು. ಅಜ್ಜಿಮನೆ ವಿಟ್ಲವಾದರೂ ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು. ಎದುರಾಳಿಯ ಹಳೆಯ ಜಾತಕ ಜಾಲಾಡುವುದು ಅವಳ ಕೆಲಸ. ಯಾವಾಗ ಏನು ಹೇಳಿದ, ಸದನದಲ್ಲಿ ಯಾವ ಪ್ರಶ್ನೆ ಕೇಳಿದ, ಯಾವುದಕ್ಕೆ ಕೈ ಎತ್ತಿದ, ಮಾತಿಗೂ ಕೃತಿಗೂ ಎಲ್ಲಿ ತಾಳೆಯಾಗುವುದಿಲ್ಲ, ಇದನ್ನೆಲ್ಲ ಒಟ್ಟುಮಾಡಿ ಪಕ್ಷಕ್ಕೆ ಕೊಡಬೇಕು.

“ಸದನದ ಹಾಜರಿ ಚೆನ್ನಾಗಿದೆ ಅಂಕಲ್. ಆಸ್ತಿ ವಿವರದಲ್ಲೂ ಏನೂ ಸಿಗಲಿಲ್ಲ,” ಎಂದು ಅವಳು ಮುಖ ಚಿಕ್ಕದು ಮಾಡಿದಳು. “ಉಳಿದಿರೋದು ಕೊಟ್ಟ ಮಾತುಗಳು. ನಿಮ್ಮ ಹತ್ರ ಎಲ್ಲಾ ಭಾಷಣದ ರೆಕಾರ್ಡಿಂಗ್ ಇದೆಯಂತಲ್ಲ?”

ಇತ್ತು. ಅಣ್ಣು ಮೊದಲು ಕ್ಯಾಸೆಟಿನಲ್ಲಿ, ಆಮೇಲೆ ಮೆಮೊರಿ ಕಾರ್ಡಿನಲ್ಲಿ ಎಲ್ಲ ಸಭೆಗಳನ್ನೂ ಹಿಡಿದು ಕಪಾಟಿನಲ್ಲಿಟ್ಟಿದ್ದ. ಮೈಕ್ ಸರಿಯಿರಲಿಲ್ಲ ಎಂದು ಬಾಡಿಗೆಗೆ ತಕರಾರು ತೆಗೆಯುವವರ ಬಾಯಿ ಮುಚ್ಚಿಸಲು ಸುರುಮಾಡಿದ ಅಭ್ಯಾಸ ಅದು. ಕೃಷ್ಣಕುಮಾರನನ್ನು ಬೀಳಿಸಲು ತನ್ನ ಮನೆಯ ಕಪಾಟೇ ಬೇಕಾಯಿತಲ್ಲ ಎಂದು ಅವನು ಉಬ್ಬಿಹೋದ. ಅವನನ್ನು ಕ್ಷೇತ್ರದ ಜನ ಸೋಲಿಸಿದರೆ ಸಾಕೆಂದು ಸಾತ್ವಿಕಾ ನೋಡುತ್ತಿದ್ದಳು. ಅಣ್ಣುವಿಗೆ ಅವನು ಒಬ್ಬಳ ಕಣ್ಣಲ್ಲಿ ಸೋತರೆ ಸಾಕಿತ್ತು.

ಆದರೆ ಒಂದು ಎಡವಟ್ಟಾಯಿತು. ತಪ್ಪು ಹುಡುಕಬೇಕಾದರೆ ಭಾಷಣ ಕೇಳಬೇಕಲ್ಲ? ಬೆಳಗ್ಗೆ ಚಾ ಕುಡಿಯುವಾಗ ಸುರುವಾದರೆ ಸಂಜೆವರೆಗೂ ಅಣ್ಣುವಿನ ಮನೆಯಲ್ಲಿ ಕೃಷ್ಣಕುಮಾರನದ್ದೇ ಸ್ವರ. ಅದೂ ಟ್ರೆಬಲ್ ಏರಿಸುವ ಬುದ್ಧಿ ಬರುವುದಕ್ಕೆ ಮುಂಚಿನ ಹಳೆಯ ಭಾಷಣಗಳು, ತುಂಬಿದ ಸ್ವರದವು. ಶಶಿ ನೀರುದೋಸೆಯ ಕಾವಲಿ ಇಳಿಸಿ ಬಂದು ಬಾಗಿಲ ಬಳಿ ನಿಲ್ಲುವಳು. ನಿಂತವಳು ಕೂರುವಳು. ಕಣ್ಣು ಕಿರಿದು ಮಾಡಿ, ತಲೆ ಒಂದು ಬದಿಗೆ ವಾಲಿಸಿ ಕೇಳುವಳು. ಗಂಡನ ‘ಹಲೋ ಹಲೋ’ವನ್ನು ಅವಳು ಹೀಗೆ ಒಂದು ದಿನವೂ ಕೇಳಿದ್ದಿಲ್ಲ.

“ಎಂತ, ಅಷ್ಟು ಚಂದ ಉಂಟಾ?” ಎಂದ ಅಣ್ಣು, ಹಲ್ಲು ಕಚ್ಚಿಕೊಂಡು.

“ಸುಮ್ಮನಿರಿ, ಕೇಳುವ,” ಎಂದಳು ಶಶಿ.

ಶತ್ರುವನ್ನು ತಾನೇ ಕೈಹಿಡಿದು ಮನೆಯೊಳಗೆ ಕರೆತಂದಂತಾಯಿತು.

ಕೊನೆಗೂ ಬೇಕಾದದ್ದು ಸಿಕ್ಕಿತು. ಅದು ಕುಮ್ಕಿಯ ವಿಷಯ. ಕೃಷಿಕರ ಪಟ್ಟಾ ಜಾಗಕ್ಕೆ ತಾಗಿಕೊಂಡಿರುವ ಸರಕಾರಿ ಜಾಗಕ್ಕೆ ಈ ಕಡೆ ಕುಮ್ಕಿ ಎನ್ನುತ್ತಾರೆ. ಅದು ಯಾರಿಗೆ ಸೇರಬೇಕೆಂಬ ಜಗಳ ಎಲ್ಲ ಚುನಾವಣೆಯಲ್ಲೂ ಎದ್ದು ಕೂರುತ್ತದೆ. ಅಡಿಕೆ ಬೆಳೆಗಾರರ ಸಭೆಯಲ್ಲಿ ಕೃಷ್ಣಕುಮಾರ ಹೇಳಿದ್ದ: “ಕುಮ್ಕಿಯನ್ನು ನಿಮ್ಮ ಹೆಸರಿಗೆ ಮಾಡುವ.” ಅದೇ ತಿಂಗಳು ಜಾಗ ಇಲ್ಲದವರ ಧರಣಿಗೆ ಹೋಗಿಯೂ ಹೇಳಿದ್ದ: “ಕುಮ್ಕಿಯನ್ನು ನಿಮ್ಮ ಹೆಸರಿಗೆ ಮಾಡುವ.”

ಸಾತ್ವಿಕಾ ಮತ್ತೆ ಬಂದು, ಕಿವಿಗೊಟ್ಟು ಕೇಳಿ, ಇನ್ನೂ ಏನೋ ಬರಬೇಕೆಂಬಂತೆ ಕಾದಳು.

“ಮಾಡುವ... ಏನು ಅಂಕಲ್? ವಾಕ್ಯ ಅರ್ಧಕ್ಕೇ ನಿಂತಿತಲ್ಲ.”

“ಅರ್ಧ ಅಲ್ಲ, ಪೂರ್ತಿಯೇ.”

“ಹಾಗಾದ್ರೆ ‘ಮಾಡ್ತೀನಿ’ ಅಂತಾನಾ, ‘ಮಾಡೋಣ’ ಅಂತಾನಾ? ನನಗೆ ಸರಿಯಾಗಿ ಬೇಕು.”

ಈ ಊರಲ್ಲಿ ‘ಮಾಡುವ’ ಎಂದವನು ಯಾವುದಕ್ಕೂ ಸಿಕ್ಕಿಕೊಳ್ಳುವುದಿಲ್ಲ ಎಂದು ಶಾಲೆ ಮಕ್ಕಳಿಗೂ ಗೊತ್ತು. ಎಲ್ಲರೂ ಸೇರಿ, ಯಾವಾಗಲಾದರೂ, ಆದರೆ ಆಯಿತು. ಮಾಡುವವನು ‘ಮಾಡ್ತೇನೆ’ ಎನ್ನುತ್ತಾನೆ. ಅಷ್ಟೂ ಭಾಷಣಗಳಲ್ಲಿ ಕೃಷ್ಣಕುಮಾರನ ಬಾಯಿಂದ ಒಂದು ‘ಮಾಡ್ತೇನೆ’ ಬಂದಿರಲಿಲ್ಲ.

“ಮಾಡುವ ಅಂದ್ರೆ ಮಾಡ್ತೇನೆ ಅಂತಲೇ,” ಎಂದ ಅಣ್ಣು. “ನಮ್ಮ ಕಡೆ ಮಾತು ಕೊಡುವುದೇ ಹಾಗೆ.”

ಚಾ ತಂದು ಬಾಗಿಲಲ್ಲಿ ನಿಂತಿದ್ದ ಶಶಿ ಗಂಡನ ಮುಖವನ್ನೇ ನೋಡಿದಳು. ಲೋಟ ಇಟ್ಟು ಒಳಗೆ ಹೋದಳು.

ವಾರದೊಳಗೆ ಎಲ್ಲರ ಮೊಬೈಲಿನಲ್ಲೂ ಅದೇ ವೀಡಿಯೊ: ‘ಒಂದೇ ಕುಮ್ಕಿ, ಇಬ್ಬರಿಗೆ ಮಾತು! ಮಾಡುತ್ತೇನೆ ಎಂದವರು ಎಲ್ಲಿ?’ ಅಣ್ಣು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಅದನ್ನು ಬೇರೆಯವರ ಫೋನಿನಲ್ಲಿ ನೋಡಿ, ಏನೂ ಗೊತ್ತಿಲ್ಲದವನಂತೆ ತಲೆಯಾಡಿಸಿದ. ಕೃಷ್ಣಕುಮಾರ ಈಗ ಹೇಗೆ ನಗಿಸುತ್ತಾನೋ ನೋಡಬೇಕೆಂದು ಮನಸ್ಸಲ್ಲೇ ಕುಣಿದ.

ಆ ಭಾನುವಾರ ಪುಂಜಾಲಕಟ್ಟೆಯಲ್ಲೇ ಶಾಸಕರ ಸಭೆ. ಮೈಕ್ ಅಣ್ಣುವಿನದ್ದೇ. ಶಶಿ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ಕೃಷ್ಣಕುಮಾರ ಮೈಕ್ ಹಿಡಿದು ಸುತ್ತ ನೋಡಿದ.

“ವೀಡಿಯೊ ನೋಡಿದಿರಾ? ಎಂತ ಸ್ವರ ಮಾರಾಯ್ರೆ, ನನ್ನದೇ ಅಂತ ನನಗೇ ನಂಬ್ಲಿಕ್ಕೆ ಆಗ್ಲಿಲ್ಲ. ಅಷ್ಟು ಚಂದ ರೆಕಾರ್ಡು ನಮ್ಮ ಅಣ್ಣುವನ್ನು ಬಿಟ್ಟು ಇನ್ಯಾರಿಗೆ ಬರ್ತದೆ?” ಜನ ತಿರುಗಿ ಅಣ್ಣುವನ್ನು ನೋಡಿದರು. “ಬೆಂಗಳೂರಿನವರಿಗೆ ಕನ್ನಡ ಬರುವುದಿಲ್ಲ ಅಂತ ಕಾಣ್ತದೆ. ನಾನು ‘ಮಾಡ್ತೇನೆ’ ಅಂತ ಹೇಳಿದ್ದು ಉಂಟಾ? ‘ಮಾಡುವ’ ಅಂದೆ. ಮಾಡುವ! ನೀವು ಬರ್ಲಿಲ್ಲ, ನಾನೆಂತ ಮಾಡುವುದು?”

ಮೈದಾನವಿಡೀ ನಕ್ಕಿತು. ಕುಮ್ಕಿಗಾಗಿ ಅಲೆದು ಚಪ್ಪಲಿ ಸವೆಸಿದ್ದ ಹುಕ್ರಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣುವಿನ ಮುಖ ಕೆಂಡವಾಯಿತು. ಟ್ರೆಬಲ್ ಏರಿಸುವುದೂ ಅವನಿಗೆ ಮರೆತುಹೋಗಿತ್ತು. ಅವನು ಹೆದರುತ್ತಲೇ ಹೆಂಗಸರ ಸಾಲಿನ ಕಡೆ ನೋಡಿದ. ಅಲ್ಲಿ ಎಲ್ಲರೂ ನಗುತ್ತಿದ್ದರು. ಶಶಿ ಒಬ್ಬಳು ನಗುತ್ತಿರಲಿಲ್ಲ.

ಸ್ಪೀಕರ್ ಬಾಕ್ಸುಗಳನ್ನೆಲ್ಲ ಪಿಕಪ್ಪಿಗೆ ಹೇರಿ ಮನೆ ಕಡೆ ಹೊರಟಾಗ ಅವಳು ಪಕ್ಕದಲ್ಲಿ ಕೂತಿದ್ದಳು. ಪೇಟೆ ದಾಟಿದ ಮೇಲೆ ಬಾಯಿಬಿಟ್ಟಳು.

“ನನ್ನ ಅಪ್ಪನಿಗೂ ಅವರು ಅದನ್ನೇ ಹೇಳಿದ್ದು. ‘ನಿಶ್ಚಿತಾರ್ಥ ಯಾವಾಗ ಇಟ್ಟುಕೊಳ್ಳುವ?’ ಅಂತ ಅಪ್ಪ ಕೇಳಿದ್ದಕ್ಕೆ, ‘ಮಾಡುವ’ ಅಂದ್ರು. ಅಪ್ಪ ಎರಡು ವರ್ಷ ಕಾದ್ರು. ಆವಾಗ ಯಾರೂ ನಗ್ಲಿಲ್ಲ.”

ಅಣ್ಣು ಗೇರು ಬದಲಿಸುವುದನ್ನೂ ಮರೆತ. “ಹಾಗಾದ್ರೆ ಮನೆಯಲ್ಲಿ ಅಷ್ಟು ದಿನ ಕೂತು ಕೇಳಿದ್ದು ಎಂತ?”

“ಎಲ್ಲಾದರೂ, ಯಾರಿಗಾದರೂ, ಒಂದು ಸಲ ‘ಮಾಡ್ತೇನೆ’ ಅಂತಾರಾ ಅಂತ ಕಾದೆ. ಇಲ್ಲ. ನನಗೆ ಮಾತ್ರ ಹಾಗೆ ಹೇಳಿದ್ದಲ್ಲ ಅಂತ ಗೊತ್ತಾಯ್ತು.” ಅವನ ಕಡೆ ತಿರುಗಿ, “ಮೊನ್ನೆ ಆ ಹುಡುಗಿಗೆ ನೀವು ಸುಳ್ಳು ಹೇಳಿದಿರಿ. ಮಾಡುವ ಅಂದ್ರೆ ಮಾಡ್ತೇನೆ ಅಂತ ಆಗಿದ್ರೆ, ನಾನು ಈ ಗಾಡಿಯಲ್ಲಿ ಇರ್ತಿದ್ದೆನಾ?” ಎಂದಳು.

ಇಷ್ಟಕ್ಕೇ ಅಣ್ಣು ಸುಮ್ಮನಿರಬಹುದಿತ್ತು. ಬೇರೆ ಯಾವ ಗಂಡಸಾದರೂ ಗೆದ್ದೆ ಎಂದುಕೊಂಡು ಮನೆಗೆ ಹೋಗಿ ಗಡದ್ದಾಗಿ ಉಣ್ಣುತ್ತಿದ್ದ. ಆದರೆ ಇಷ್ಟು ವರ್ಷ ಸಾಕಿದ ಹೊಟ್ಟೆಕಿಚ್ಚು ಅಷ್ಟು ಸುಲಭದಲ್ಲಿ ಬಿಟ್ಟೀತೇ? ಅವನು ರಸ್ತೆಬದಿಗೆ ಗಾಡಿ ನಿಲ್ಲಿಸಿ ಕೇಳಿಯೇಬಿಟ್ಟ.

“ಆವತ್ತು ಅವ ‘ಮಾಡ್ತೇನೆ’ ಅಂತ ಹೇಳಿದ್ದಿದ್ರೆ?”

ಶಶಿಗೆ ಸುಳ್ಳು ಹೇಳಿ ಗೊತ್ತಿಲ್ಲ.

“ಹೋಗ್ತಿದ್ದೆ,” ಎಂದಳು. “ಅವರು ಹೇಳ್ಲಿಲ್ಲ. ನೀವು ಬಂದು ‘ಮದುವೆ ಆಗ್ತೇನೆ’ ಅಂದಿರಿ, ಆದಿರಿ. ನನಗೆ ಅಷ್ಟು ಸಾಕು.”

ಎಷ್ಟು ದೊಡ್ಡ ಗದ್ದಲದಲ್ಲೂ ಒಂದು ಬಾಕ್ಸು ಕೆಟ್ಟರೆ ಹಿಡಿದು ಹೇಳುವ ಕಿವಿ ಅಣ್ಣುವಿನದ್ದು. ಆದರೆ ಹೆಂಡತಿ ಆಡಿದ ಅಷ್ಟು ಮಾತುಗಳಲ್ಲಿ ಅವನಿಗೆ ಕೇಳಿಸಿದ್ದು ಆ ‘ಹೋಗ್ತಿದ್ದೆ’ ಮಾತ್ರ.

ಮರುದಿನ ಬೆಳ್ತಂಗಡಿಯ ಸಭೆಯಲ್ಲಿ ಶಾಸಕರು ಎದ್ದು ನಿಲ್ಲುವ ಮೊದಲೇ ಅಣ್ಣು ಟ್ರೆಬಲನ್ನು ಪೂರ್ತಿ ಏರಿಸಿ ಇಟ್ಟಿದ್ದ.